ಸಪನಾಳ ಹೆಸರು ಬಾರದ ಎಪಿಸೋಡ್

ಜುಲೈ 6, 2025. ಭಾನುವಾರ

ರೊಟ್ಟಿ ಬಡಿಯುತ್ತ ಸಿನಿಮಾ ಹೀರೋ ಸಾಹೇಬರ ಖೋ-ಖೋ ಪಾಡ್‌ಕಾಸ್ಟ್ ಕೇಳಿದೆ. ನಾಲ್ಕನೆಯ ಎಪಿಸೋಡ್. ಒಂದು ತಾಸಿನಲ್ಲಿ ಐವತ್ತು ನಿಮಿಷ ನಗು, ತನ್ನದೇ ಸಿನಿಮಾ. ಪೋಲ್ ಡೈವ್ ಅಂದರೇನು ಅಂತಲೂ ಗೊತ್ತಿಲ್ಲ ಪುಣ್ಯಾತ್ಮನಿಗೆ. ಕಂಬ ಹಿಡಿದು ಮೈ ಚೆಲ್ಲಿ, ಓಡುವವಳನ್ನು ಮುಟ್ಟುವುದು... ಕಲಿಯಲು ವರ್ಷಗಳು ಬೇಕು. ‘ಆಳವೇ ಇಲ್ಲ’ ಅಂತ ಉದ್ದ ಕಾಮೆಂಟ್ ಹಾಕಿದೆ.

ಮಗಳು ಶಿವಾನಿ: “ಅವ್ವಾ, ಉಮರ್ಗಾದಾಗ ಕುಂತು ಎಷ್ಟ ಬೈತಿ! ನೀನೇ ಹೋಗಿ ಹೇಳಬಾರದೇನ?”

ಜುಲೈ 19

ಬಾಯಿ ಮಾಡಿದ್ದರ ಫಲ. ಪಾಡ್‌ಕಾಸ್ಟ್‌ನವರೇ ಫೋನ್ ಮಾಡಿದರು. ಖೋ-ಖೋ ಕೋಚ್ ಶುಭಾಂಗಿ, ಅಂದರೆ ನಾನು, ಇವತ್ತು ಗೆಸ್ಟ್! ವಿಡಿಯೋ ಕಾಲ್‌ನಲ್ಲೇ ರೆಕಾರ್ಡಿಂಗ್. ಹನ್ನೆರಡು ಪುಟ ನೋಟ್ಸ್, ಎಲ್ಲ ಹೇಳಿದೆ. ನಾನು ಆಡುತ್ತಿದ್ದ ಕಾಲದಲ್ಲಿ ನಮ್ಮ ತಂಡಕ್ಕೆ ಉದಗೀರ್ ಫೈನಲ್ ಗೆಲ್ಲಿಸಿದ ಪೋಲ್ ಡೈವ್ ಕೂಡ. ಹೀರೋ ಕೊನೆಗೆ ಕೇಳಿದ್ದು ಒಂದೇ — ಆ ಡೈವ್ ಹೊಡೆದ ಹುಡುಗಿ ಈಗ ಎಲ್ಲಿದ್ದಾಳೆ?

ಸಣ್ಣ ಮಕ್ಕಳೂ ಕೇಳುವ ಪ್ರಶ್ನೆ. ನೋಟ್ಸ್‌ನಲ್ಲಿ ಉತ್ತರ ಇರಲಿಲ್ಲ. ಎಲ್ಲರೂ ಆರಾಮಾಗಿದ್ದಾರೆ ಅಂದು ಮಾತು ಹೊರಳಿಸಿದೆ. ಹೆಸರೂ ಹೇಳಲಿಲ್ಲ. ಆಳ ಇಲ್ಲ ಅಂತ ಕಾಮೆಂಟ್ ಹಾಕಿದವಳು ನಾನು. ಥೂ.

ಜುಲೈ 20

ಸಪನಾ. ಆ ಡೈವ್ ಹೊಡೆದವಳು. ಇಪ್ಪತ್ತೊಂದು ವರ್ಷದ ಮೇಲೆ ಈ ಹೆಸರು ಬರೆಯುತ್ತಿದ್ದೇನೆ.

ಫೈನಲ್ ದಿನ ಅವಳ ಮೊಣಕಾಲು ಬಾತಿತ್ತು. ಡಾಕ್ಟರ್ ನನ್ನನ್ನು ಹೊರಗೆ ಕರೆದು, “ಆಡಿಸಬ್ಯಾಡ್ರಿ, ಕಾಲ ಹೋಗ್ತದ” ಅಂದರು. ಕ್ಯಾಪ್ಟನ್ ನಾನು. ನಮ್ಮ ಕೋಚ್ ಸರ್‌ಗೂ ಅವಳಿಗೂ, “ಆಡಬಹುದು ಅಂದಾರ” ಅಂತ ಹೇಳಿದೆ. ಗೆದ್ದೆವು. ಅವಳು ಮತ್ತೆ ಓಡಲಿಲ್ಲ. ಕಪ್ ಹಿಡಿದ ಫೋಟೋದಲ್ಲಿ ನಾನು ನಡುವೆ ಇದ್ದೇನೆ.

ಆಗಸ್ಟ್ 2

ಎಪಿಸೋಡ್ ಬಂತು. ಊರೆಲ್ಲ ಹೊಗಳಿಕೆ. ಸಂಜೆ ನಿಲಂಗಾದಿಂದ ಸಪನಾಳ ವಾಯ್ಸ್ ಮೆಸೇಜ್:

“ಶುಭಾ, ಭಾಳ ಛಂದ ಹೇಳ್ದಿ ನೋಡ. ನನ್ನ ಮಗಳು ಎರಡ ಸಲ ಕೇಳ್ದಳು. ಅವ್ವಾ, ನಿನ್ನ ಹೆಸರೇ ಬರಲಿಲ್ಲಲ್ಲ ಅಂದಳು. ಮುಂದಿನ ಎಪಿಸೋಡ್‌ನಾಗ ಬರ್ತದ ಅಂದೀನಿ.”

ಮುಂದಿನದರಲ್ಲಿ ನಾನಿಲ್ಲ. ಅವಳು ಬೈಯಲೂ ಇಲ್ಲ. ಕುಂಬಳಕಾಯಿ ಕಳ್ಳನ ಹಾಗೆ ನಾನೇ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ.

ಆಗಸ್ಟ್ 10, ಬೆಳಿಗ್ಗೆ 11

ನಿಲಂಗಾ ಬಸ್ ಸ್ಟ್ಯಾಂಡ್. ಕರೆಯಲು ಬರುತ್ತೇನೆ ಅಂದಿದ್ದಾಳೆ ಸಪನಾ. ಈ ಸಲ ನೋಟ್ಸ್ ಇಲ್ಲ. ಡಾಕ್ಟರ್ ಹೇಳಿದ್ದನ್ನು ಮೊದಲೇ ಹೇಳಿಬಿಡಬೇಕು. ಅವಳ ಮನೆಯ ಚಹಾ ಕುಡಿದ ಮೇಲೆ ಬಾಯಿ ಬರಲಿಕ್ಕಿಲ್ಲ.

ಗೇಟಿನ ಹತ್ತಿರ ಅವಳೇ. ನನ್ನನ್ನು ನೋಡಿ ಕೈ ಎತ್ತಿದಳು. ಎಡಗಾಲು ಎಳೆಯುತ್ತಲೇ ಓಡಲು ನೋಡುತ್ತಿದ್ದಾಳೆ. ಬ್ಯಾಡ ಸಪನಾ, ಅಲ್ಲೇ ನಿಂದ್ರ, ನಾನೇ—