ಕೂದಲಿನಿಂದ ಇಳಿದ ಕೈ

ಅತ್ತೆ,

ನಾನು ಮುಂಬೈ ಬಳಿಯ ಡೊಂಬಿವಲಿಗೆ ಸೊಸೆಯಾಗಿ ಬಂದ ಮೊದಲ ಬೇಸಿಗೆಯಲ್ಲೇ ನಿಮ್ಮ ನೆತ್ತಿ ನೋಡಿದೆ. ನೀವು ಕನ್ನಡಿಯೆದುರು ಚೌರಿ ಜೋಡಿಸುತ್ತಿದ್ದಿರಿ. ಅಂಗೈಯಗಲ ಜಾಗದಲ್ಲಿ ಕೂದಲೇ ಇರಲಿಲ್ಲ. ನಾನು ಗಾಬರಿಯಾದದ್ದನ್ನು ಕನ್ನಡಿಯಲ್ಲೇ ಕಂಡು, "ಉದುರಿದ್ದಲ್ಲ ಮಾರಾಯ್ತಿ, ನಾನೇ ಕಿತ್ತದ್ದು. ಶಾಲೆಗೆ ಹೋಗುವಾಗಿಂದ. ಕೈ ತನ್ನಷ್ಟಕ್ಕೇ ಹೋಗ್ತದೆ" ಎಂದಿರಿ. ಹೊಸ ಸೊಸೆಯ ಮುಂದೆ ಹಾಗೆ ಹೇಳಲು ಎಷ್ಟು ಧೈರ್ಯ ಬೇಕು! ಎಲ್ಲರಿಗೂ ಉಷ್ಣಕ್ಕೆ ಉದುರಿತೆಂದು ಹೇಳಿ ಹೇಳಿ ದಣಿದಿದ್ದಿರಾ?

ಮನೆಗೆ ಇಂಟರ್ನೆಟ್ ಬಂದ ವರ್ಷ ನೆನಪಿದೆಯೇ? ಹುಡುಕಿದರೆ ನಿಮ್ಮ ಆ ಅಭ್ಯಾಸಕ್ಕೊಂದು ಹೆಸರೇ ಇತ್ತು. ಕೂದಲು ಕೀಳುವವರಿಗೆ, ಚರ್ಮ ಕೆದಕಿಕೊಳ್ಳುವವರಿಗೆ ತಾವೇ ಕಲಿಯುವ ಪಾಠಗಳಿದ್ದ ಸೈಟೂ ಸಿಕ್ಕಿತು. "ನನ್ನ ಹಾಗೆ ಬೇರೆಯವರೂ ಇದ್ದಾರಾ?" ಎಂದು ಕೇಳಿದಿರಿ. ಹೌದೆಂದೆ. ಅಷ್ಟು ವರ್ಷ ನಿಮಗೊಬ್ಬರಿಗೇ ಹೀಗೆ ಎಂದುಕೊಂಡು...

ಮಧ್ಯಾಹ್ನದ ಪಾತ್ರೆ ತೊಳೆದ ಮೇಲೆ ನಮ್ಮ ಪಾಠ. ನಾನು ಇಂಗ್ಲಿಷ್ ಓದಿ ಕನ್ನಡದಲ್ಲಿ ಕೇಳುತ್ತಿದ್ದೆ: ಕೈ ಯಾವಾಗ ಹೋಯಿತು, ಆಗ ಮನಸ್ಸಿನಲ್ಲಿ ಏನಿತ್ತು? "ಟಿ.ವಿ. ನೋಡುವಾಗ. ಇವರು ಹೋಟೆಲಿಂದ ಬರ್ಲಿಕ್ಕೆ ಲೇಟಾದಾಗ." ಬೆರಳಿಗೆ ಬೇರೆ ಕೆಲಸ ಕೊಡಿ ಎಂದಿತು ಪಾಠ. ನೀವು ಟಿ.ವಿ. ಮುಂದೆ ಬಟಾಣಿ ಸುಲಿದಿರಿ. ಬಟಾಣಿ ಸಿಗದ ಕಾಲದಲ್ಲಿ ಹುಣಸೆಯ ನಾರು, ಬೀಜ ಬಿಡಿಸಿದಿರಿ. ನಮ್ಮ ಹೌಸಿಂಗ್ ಸೊಸೈಟಿಯಲ್ಲೇ ಅಷ್ಟು ಚೊಕ್ಕ ಹುಣಸೆ ಇನ್ನೊಂದು ಮನೆಯಲ್ಲಿ ಇರಲಿಲ್ಲ. ನೆತ್ತಿಯಲ್ಲಿ ಬಿಳಿ ಮರಿಗೂದಲು ಮೂಡಿದ ದಿನ ನನ್ನ ಬೆರಳು ಹಿಡಿದು ಅಲ್ಲಿ ಮುಟ್ಟಿಸಿಕೊಂಡಿರಿ.

ಮಾವನನ್ನು ಎದೆನೋವೆಂದು ಥಾಣೆಯ ಆಸ್ಪತ್ರೆಗೆ ಸೇರಿಸಿದ ವಾರ, ಐಸಿಯು ಹೊರಗಿನ ಬೆಂಚಿನಲ್ಲಿ ಕುಳಿತು ಆ ಮರಿಗೂದಲನ್ನೆಲ್ಲ ಕಿತ್ತುಬಿಟ್ಟಿರಿ. ಅವರು ಗುಣವಾಗಿ ಮನೆಗೆ ಬಂದ ಮರುದಿನ ನೀವು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದಾಗ ನಾನು ಅಳುಕುತ್ತಲೇ ಕೇಳಿದೆ, "ಮೊದಲ ಪಾಠದಿಂದ ಶುರು ಮಾಡುವುದಾ ಅತ್ತೆ?"

"ಎಂತಕ್ಕೆ? ಕಲ್ತದ್ದು ಕೂದಲೊಟ್ಟಿಗೆ ಹೋಯ್ತಾ? ನಿಲ್ಲಿಸಿದಲ್ಲಿಂದ ಓದು."

ಆ ಮಾತು ಯಾವ ಪಾಠದಲ್ಲೂ ಇರಲಿಲ್ಲ.

ಮುಂದೊಮ್ಮೆ ವಾಶಿಯಲ್ಲಿದ್ದ ನೆಂಟರ ಮದುವೆಗೆ ನೀವು ಚೌರಿಯಿಲ್ಲದೆ, ನಿಂಬೆಹಣ್ಣಿನಷ್ಟು ತುರುಬಿಗೆ ಹೂ ಮುಡಿದು ಹೊರಟ ದಿನ, ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಿಮ್ಮ ಪಕ್ಕ ನಿಂತು ನನಗೆ... ಹೇಗೆ ಹೇಳಲಿ? ನಿಮಗೆ ಪೂರ್ತಿ ವಾಸಿಯಾಗಿರಲಿಲ್ಲ. ಕೊನೆಯವರೆಗೂ ಒಮ್ಮೊಮ್ಮೆ ಕೈ ಮೇಲೇರುತ್ತಿತ್ತು. ಏರಿದ್ದನ್ನು ನೀವೇ ಇಳಿಸುತ್ತಿದ್ದಿರಿ. ಯಾರೂ ಕಾಣದ ಆ ಕೆಲಸವನ್ನು ಬೇಸರವಿಲ್ಲದೆ ಮಾಡಿದವರನ್ನು ನಾನು ಬೇರೆ ಕಂಡಿಲ್ಲ.

ನಿಮ್ಮ ಉತ್ತರಕ್ರಿಯೆ ಮುಗಿದ ಸಂಜೆ ಖಾರ್‌ಘರ್‌ನಲ್ಲಿರುವ ನಿಮ್ಮ ಮಗಳು ಸುಜಾತಾ ಅಡುಗೆಮನೆಗೆ ಬಂದಳು. ಮೇ ತಿಂಗಳಲ್ಲೂ ಅವಳು ತುಂಬುತೋಳು ತೊಡುವುದು ಆಫೀಸಿನ ಎಸಿಗೆ ಎಂದಲ್ಲವೇ ನಾವು ತಿಳಿದದ್ದು? ಅಂಗಿಯ ತೋಳು ಮೇಲೆ ಮಡಚಿದಳು. ಮೊಣಕೈವರೆಗೂ ಉಗುರಿನಿಂದ ಕೆದಕಿದ ಗಾಯಗಳು.

"ಅತ್ತಿಗೆ, ಅಮ್ಮಂದು ವೋ ಸೈಟ್... ನಂಗೂ ಚಲೇಗಾ ಕ್ಯಾ?" ಆ ಸೈಟು ತನಗೂ ಆದೀತೇ ಎಂದು ಕೇಳುತ್ತಿದ್ದಳು.

ಈಗ ಪಾಠಗಳನ್ನು ಅವಳೇ ಓದಿಕೊಳ್ಳುತ್ತಾಳೆ. ಕಳೆದ ಭಾನುವಾರ ಅರ್ಧತೋಳಿನ ಕುರ್ತಾ ತೊಟ್ಟು ಬಂದಿದ್ದಳು. ಎಡಗೈಯಲ್ಲಿ ಹೊಸ ಗಾಯವೊಂದಿತ್ತು. ಬಾಗಿಲು ತೆರೆದ ಮಾವ ಅದನ್ನು ನೋಡಿ, "ಎಂತ ಆಯ್ತು ಮಗಾ?" ಎಂದರು. ಅವಳು ಚಪ್ಪಲಿಯನ್ನೂ ಬಿಡದೆ, ಅಲ್ಲೇ ನಿಂತು, ಅಪ್ಪನಿಗೆ ಎಲ್ಲವನ್ನೂ ಹೇಳಿದಳು.

ನಿಮ್ಮ ಸೊಸೆ