ಖುರ್ಷೀದಬೀಯ ಎಡ ಮೊಣಕಾಲು

ಬೀದರ, ೧೨ ಫೆಬ್ರವರಿ ೧೯೪೯, ಶನಿವಾರ

ಆ ಮೊಣಕಾಲು ತಲೆಯಿಂದ ಹೋಗುತ್ತಿಲ್ಲ.

ಹೋದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಗದ್ದಲದಲ್ಲಿ ಖುರ್ಷೀದಬೀ ಭಾಲ್ಕಿಯಲ್ಲಿ ಗಂಡನನ್ನು ಕಳೆದುಕೊಂಡಳು. ಓಡುವಾಗ ಹಳ್ಳದಲ್ಲಿ ಬಿದ್ದು ಮೊಣಕಾಲು ಬಾತಿತ್ತು. ಬಾವು ಇಳಿದು ಎಷ್ಟೋ ದಿನವಾಯಿತು. ಆದರೂ ಬೆಳಿಗ್ಗೆ ದವಾಖಾನೆಯ ಮೆಟ್ಟಿಲು ಇಳಿಸಿ ನೋಡಿದಾಗ ಕಾಲು ಕುಸಿದು ನನ್ನ ತೋಳಿನ ಮೇಲೆ ಬಿದ್ದಳು.

ಮಲಗಿಸಿ, ಮೊಣಕಾಲು ಮಡಿಸಿ, ಕೆಳಗಾಲನ್ನು ಮುಂದಕ್ಕೆ ಎಳೆದು ಪಟ್ಟಿಯಿಂದ ಅಳೆದೆ. ಎರಡೂ ಕಾಲು ಒಂದೇ ಸಮ. ಎಲುಬುಗಳನ್ನು ಬಿಗಿದಿಡುವ ಒಳಗಿನ ನಾರು, ಅಸ್ಥಿರಜ್ಜು, ಗಟ್ಟಿಯಾಗಿದೆ. ಹೋದ ವಾರ ಬಂದಿದ್ದ ಪೈಲ್ವಾನ ಹಾವಗೆಪ್ಪನದು ಹರಿದೇ ಹೋಗಿದೆ. ಎಳೆದರೆ ಕಾಲು ಮೇಜಿನ ಖಾನೆಯಂತೆ ಮುಂದೆ ಬರುತ್ತದೆ. ಆತ ನನ್ನೆದುರೇ ಕೂತೆದ್ದು ಬೈಠಕ್ ಹೊಡೆದು ನಕ್ಕ. ಗಟ್ಟಿ ಕಾಲು ಕುಸಿಯುತ್ತದೆ, ಸಡಿಲ ಕಾಲು ನಿಲ್ಲುತ್ತದೆ. ನಾನು ಅಳೆಯುತ್ತಿರುವುದಾದರೂ ಏನನ್ನು?

ಅವಳ ಅಣ್ಣ ಅಜೀಜ ಬಾಗಿಲಲ್ಲೇ ನಿಂತಿದ್ದ. "ಕಾಲು ಛಲೋ ಅದ ಅಂದ್ರ ನಾಳಿ ಭಾಲ್ಕಿಗಿ ಬಿಟ್ಟು ಬರ್ತೇನ್ರಿ, ಡಾಕ್ಟರ್ ಸಾಬ. ಗಂಡನ ಮನಿ ಖಾಲಿ ಬಿದ್ದದ."

ಖುರ್ಷೀದಬೀ ಮಂಚದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬ್ಯಾಡ್ರಿ ಅಜೀಜ ಭಾಯ್. ಕೀಲು ಸಡಿಲ ಅದ. ಇನ್ನೂ ಕೆಲವು ದಿನ ನಿಮ್ಮ ಹತ್ರನೇ ಇರ್ಲಿ," ಎಂದುಬಿಟ್ಟೆ. ಯಾಕೆ ಹಾಗೆಂದೆನೋ.

ಆಕೆ ಎದ್ದಳು. ಯಾರ ಕೈಯನ್ನೂ ಹಿಡಿಯದೆ ಅದೇ ಮೆಟ್ಟಿಲುಗಳನ್ನು ಸರಸರನೆ ಇಳಿದು ಹೋದಳು. ಅಜೀಜ ನನ್ನ ಮುಖವನ್ನೇ ನೋಡಿದ.

ಭಾಲ್ಕಿಗೆ ಹೋಗುವ ಹೆದರಿಕೆಗೆ ನಟಿಸಿದಳು ಎನ್ನೋಣವೆಂದರೆ, ಬೆಳಿಗ್ಗೆ ನನ್ನ ತೋಳಿಗೆ ಬಿದ್ದ ಆ ಭಾರ ನಟನೆಯಲ್ಲ. ನಾಳೆ ಅಜೀಜ ಬಂದು ಕೇಳಿದರೆ, ನಾನು ಯಾವ ಕಾಲಿನ ಮಾತು ಹೇಳಲಿ: ಬೆಳಿಗ್ಗೆ ಕುಸಿದ ಕಾಲಿನದೋ, ಆಮೇಲೆ ಸರಸರನೆ ಇಳಿದ ಕಾಲಿನದೋ?