ಪಟ್ಟಿಯ ಇನ್ನೂರ ಆರನೆಯ ಪದ

ಮಾರ್ಚ್ 3, ಬೆಳಿಗ್ಗೆ 5.40

ಎದುರು ಸಾಲಿನವರೇ, ಹಿಂದಿನ ಬೆಂಚಿನವರೇ, ಜಾಗ ಸಿಗದೆ ಕಂಬಕ್ಕೊರಗಿ ನಿಂತವರೇ — ಕೇಳಿಸಿಕೊಳ್ಳಿ!

ಯಾರೂ ಇಲ್ಲ, ಗೊತ್ತು. ಹೀಗೆ ಕೂಗದಿದ್ದರೆ ನನಗೆ ಡೈರಿಯಲ್ಲೂ ಪೆನ್ನು ಓಡುವುದಿಲ್ಲ. ನಾಟಕ ಕಂಪನಿಯ ಪರದೆ ಹಿಂದೆ ತೊಟ್ಟಿಲು ಕಟ್ಟಿಸಿಕೊಂಡವನ ಹಣೆಬರಹ.

ಉಪ್ಪುನೀರು ಮುಕ್ಕಳಿಸಿದೆ. ಶೇವ್. ನೀಲಿ ಕೋಟು. ಆರೂವರೆಗೆ ಮೇಕಪ್, ಏಳಕ್ಕೆ ಕುರ್ಚಿ. ಇಪ್ಪತ್ತಾರು ವರ್ಷ ಇದೇ. ಟಿವಿಯಲ್ಲಿ ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗುವ ನಡುವಿನ ನಲವತ್ತು ಸೆಕೆಂಡು ನನ್ನ ಸಾಮ್ರಾಜ್ಯ. "ಇದೀಗ ನೀವು ನೋಡಲಿರುವುದು..." ಎಂದರೆ ಅಡುಗೆಮನೆಯಲ್ಲಿದ್ದವರೂ ಸೌಟು ಹಿಡಿದೇ ಓಡಿ ಬರಬೇಕು. ಬರುತ್ತಿದ್ದರು.

ಸಂಜೆ ಪಾಳಿ ಅಕ್ಕನದು. ಒಡಹುಟ್ಟಿದವಳಲ್ಲ, ಅದಕ್ಕಿಂತ ಹೆಚ್ಚು. ನೋಡುಗರಿಗೆಲ್ಲ 'ಎಂಟು ಗಂಟೆ ಅಕ್ಕ'. ನನಗೆ ಅವಳಿಟ್ಟ ಹೆಸರು ಗುಡುಗಪ್ಪ.

ಮಾರ್ಚ್ 9

ಮ್ಯಾನೇಜರ್ ಕರೆದರು. "ಸಾರ್, ನಿಮ್ಮ ವಾಯ್ಸ್ ಶಾಶ್ವತವಾಗಿ ಉಳೀಬೇಕು." ನಾನೂರ ಹನ್ನೆರಡು ಪದಗಳ ಪಟ್ಟಿ, ಅಕ್ಷರಕ್ರಮದಲ್ಲಿ. ಬಿಡಿಬಿಡಿಯಾಗಿ ಓದಬೇಕಂತೆ. ಉಬ್ಬಿಹೋದೆ. ಕಾಗದ ಓದದೆ ಸಹಿ ಹಾಕಿದೆ.

ಅಕ್ಕ: "ಸಹಿ ಹಾಕೋ ಮುಂಚೆ ಕನ್ನಡಕ ಹಾಕ್ಕೋಬಾರ್ದಾ ಗುಡುಗಪ್ಪಾ? ನನ್ನೂ ಕೇಳಿದ್ರು. ಒಲ್ಲೆ ಅಂದೆ."

ಹೊಟ್ಟೆಕಿಚ್ಚು ಅಂದುಕೊಂಡೆ.

ಮಾರ್ಚ್ 11

ರೆಕಾರ್ಡಿಂಗ್. 'ನ' ಬರುವ ಹೊತ್ತಿಗೆ ರಂಗೇರಿತ್ತು. ನಗು, ನಗೆಹನಿ, ನಲಿವು, ನಾಟಕ — ಆಹಾ! ಆ ಗುಂಗಿನಲ್ಲೇ ಮುಂದಿನ ನಾಲ್ಕು ಪದ ಒಂದೇ ಉಸಿರಿಗೆ.

ಸೌಂಡಿನವನು: "ಸಾರ್, ಸ್ವಲ್ಪ ಸಪ್ಪೆಯಾಗಿ..."

"ಸಪ್ಪೆ ಬೇಕಾದ್ರೆ ಆಸ್ಪತ್ರೆ ಕ್ಯಾಂಟೀನಿಗೆ ಹೋಗಪ್ಪ!" ಎಲ್ಲರೂ ನಕ್ಕರು. ನಾನೇ ಜೋರಾಗಿ.

ಏಪ್ರಿಲ್ 30

ಕುರ್ಚಿ ಎತ್ತಿದರು. ಒಂದು ಹೂಗುಚ್ಛ, ಒಂದು ಗೋಡೆ ಗಡಿಯಾರ. ನಾಳೆಯಿಂದ ಕಂಪ್ಯೂಟರ್ ಆ ಪದಗಳನ್ನೇ ಪೋಣಿಸಿ ನನ್ನ ದನಿಯಲ್ಲಿ ಮಾತಾಡುತ್ತದಂತೆ. ಹಗಲಿಗೂ ಅದೇ, ಸಂಜೆಗೂ ಅದೇ. ಅಕ್ಕನನ್ನೂ ಮನೆಗೆ ಕಳಿಸಿದರು.

ನನ್ನ ಸಹಿ ಅವಳ ಪಾಳಿಯನ್ನೂ ನುಂಗಿತು. ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮೇ 6

ಟಿವಿಯಲ್ಲಿ ನಾನು. "ಇಂದುಽಽ... ಸಂಜೆಽಽ... ಏಳುಽಽ..." ಒಂದೊಂದು ಪದಕ್ಕೂ ಕಿರೀಟ. ಒಬ್ಬನೇ ರಾಜ ಏಳು ಸಲ ರಂಗಪ್ರವೇಶ ಮಾಡಿದ ಹಾಗೆ.

ಹೆಂಡತಿ: "ಅಲ್ಲೂ ನೀವೇ, ಸೋಫಾದಲ್ಲೂ ನೀವೇ. ಟೀ ಯಾರಿಗೆ ಕೊಡ್ಲಿ?"

"ಕೆಲಸ ಇರೋನಿಗೆ ಕೊಡು."

ಆಗಸ್ಟ್ 19

ಬೆಳಿಗ್ಗೆ ಅಕ್ಕ ಹೋದಳು. ಹೃದಯ. ನನಗೆ ಸುದ್ದಿ ಗೊತ್ತಾಗುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು.

ಎಂಟು ಗಂಟೆಗೆ ಟಿವಿ ಹಾಕಿದೆ. ನನ್ನ ದನಿ. "ನಮ್ಮ... ಹಿರಿಯ... ಉದ್ಘೋಷಕಿ..." ಅವಳ ಹೆಸರು ಪಟ್ಟಿಯಲ್ಲಿರಲಿಲ್ಲ, ತೆರೆಯ ಮೇಲೆ ಬರೀ ಅಕ್ಷರದಲ್ಲಿ ಬಂತು. ಆಮೇಲೆ — "ನಿಧನ!"

ಅಯ್ಯೋ. ಪಟ್ಟಿಯ ಇನ್ನೂರ ಆರನೆಯ ಪದ, 'ನಾಟಕ'ದ ಬೆನ್ನಿಗೇ ಓದಿದ್ದು. ಪರದೆ ಏಳುವಾಗಿನ ಹಿಗ್ಗು ಅದರ ತುಂಬ. ನಗು ಕೇಳುತ್ತದೆ, ಸ್ಪಷ್ಟವಾಗಿ. ಹಿಂದೆಯೇ "ಇದೀಗ... ನಗೆಹನಿ!"

ಹೆಂಡತಿ ಎದ್ದು ಟಿವಿ ಆರಿಸಿದಳು.

ಆಗಸ್ಟ್ 20, ಸಂಜೆ 4

ಅಕ್ಕನ ಗಂಡನ ಫೋನು. "ಒಂದು ದಿನ ನಿಮ್ಮ ಬಗ್ಗೆ ಕೆಟ್ಟ ಮಾತಾಡ್ಲಿಲ್ಲ ಅವಳು. ಕೆಲಸ ಹೋದಾಗ್ಲೂ. ನಗ್ತಾ ಓದಿದ್ರಲ್ಲ ಸಾರ್..."

ಅದು ನಾನಲ್ಲ ಎನ್ನಲು ಬಾಯಿ ತೆರೆದೆ. ಮತ್ಯಾರು? ಅವರು ಫೋನಿಟ್ಟುಬಿಟ್ಟರು.

ಹತ್ತು ನಿಮಿಷಕ್ಕೆ ಮ್ಯಾನೇಜರ್: "ಒಂದು ಸಣ್ಣ ಎಡವಟ್ಟಾಗಿದೆ ಸಾರ್. ನಾಳೆ ಒಂಬತ್ತಕ್ಕೆ ಬನ್ನಿ, ಆ ಒಂದು ಪದ ದುಃಖದಲ್ಲಿ ತಗೊಳ್ಳೋಣ. ಮುಂದೆ ಯಾರು ಹೋದ್ರೂ ಉಪಯೋಗಕ್ಕೆ ಬರತ್ತೆ. ನಿಮ್ಮನ್ನ ವಾಪಸ್ ತಗೊಳ್ಳೋ ವಿಚಾರಾನೂ ಮಾತಾಡೋಣ."

ಹೂಂ ಅಂದೆ. ನಾಲಿಗೆಗೆ ಅಭ್ಯಾಸ.

ರಾತ್ರಿ 8

ಟಿವಿ ಹಾಕಿಲ್ಲ.

ನಾಳೆ ಒಂಬತ್ತಕ್ಕೆ ಸ್ಟುಡಿಯೋ ಇಲ್ಲ. ಅಕ್ಕನ ಮನೆ. ಬಾಗಿಲು ತೆಗೆದರೆ ಒಳಗೆ, ತೆಗೆಯದಿದ್ದರೆ ಮೆಟ್ಟಿಲ ಮೇಲೆಯೇ. ಕೋಟು ಬೇಡ. ನಿಂತು, ದನಿ ಎತ್ತದೆ, ಮೊದಲು ಅವಳ ಹೆಸರು ಹೇಳುತ್ತೇನೆ. ಪೂರ್ತಿ ಹೆಸರು. ಆಮೇಲೆ, ಉಸಿರು ಹತೋಟಿಯಲ್ಲಿದ್ದರೆ, ಆ ಒಂದು ಪದ —